ವರ್ಗಮೂಲದೊಳಗೆ ಮೈನಸ್ ಬಂದ ರಾತ್ರಿ

ರಾತ್ರಿ ಎರಡೂವರೆ. ಕಂಟ್ರೋಲ್ ರೂಮಿನಲ್ಲಿ ನಾನು, ಶಿಫ್ಟಿನ ಆಪರೇಟರ್, ಮತ್ತೆ ಸಂಜೆಯಿಂದ ಹಾಗೇ ಉಳಿದಿದ್ದ ಅರ್ಧ ಪಿಜ್ಜಾ. ಮೂರು ಗಂಟೆ ಕೂತು ಅಳತೆ ಮಾಡಿದ ಮೇಲೆ ನನ್ನ ಪ್ರೋಗ್ರಾಮ್ ಕೊಟ್ಟ ಉತ್ತರ ‘ಎನ್‌ಎಎನ್’. ನಾಟ್ ಎ ನಂಬರ್. ಇದು ಸಂಖ್ಯೆಯೇ ಅಲ್ಲ ಮಾರಾಯ, ನೀನೇ ನೋಡ್ಕೋ ಅಂತ ಕಂಪ್ಯೂಟರ್ ಕೈ ಚೆಲ್ಲುವ ರೀತಿ ಅದು. ಒಳಗೆ ಹೋಗಿ ನೋಡಿದರೆ ಮೈನಸ್ ಸಂಖ್ಯೆಗೆ ವರ್ಗಮೂಲ ತೆಗೆಯಲು ಹೊರಟಿತ್ತು. ಲೆಕ್ಕದ ಪ್ರಕಾರ ನನ್ನ ಎಲೆಕ್ಟ್ರಾನ್ ಬೀಮಿನ ಗುಣಮಟ್ಟ ಒಂದು ಕಾಲ್ಪನಿಕ ಸಂಖ್ಯೆ.

ಇದು ನಾನು ಪಿಎಚ್‌ಡಿ ಮಾಡುತ್ತಿದ್ದ ಎರಡನೇ ವರ್ಷದ ಕಥೆ. ಯುರೋಪಿನ ಒಂದು ಲ್ಯಾಬ್, ಹೆಸರು ಬೇಡ. ನನ್ನ ಪಾಲಿಗೆ ಬಂದಿದ್ದು ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುವ ಯಂತ್ರದ ಮೊದಲ ಭಾಗ ಮಾತ್ರ: ಲೋಹದ ಒಂದು ಬಿಲ್ಲೆಗೆ ಲೇಸರ್ ಬಡಿಯುತ್ತದೆ, ಎಲೆಕ್ಟ್ರಾನ್‌ಗಳು ಎದ್ದು ಬರುತ್ತವೆ, ಮೈಕ್ರೋವೇವ್ ಅವನ್ನು ಮುಂದಕ್ಕೆ ದಬ್ಬುತ್ತದೆ. ಫೋಟೋಗನ್ ಅಂತಾರೆ. 1980ರ ದಶಕದ ನಡುವೆ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಶುರುವಾದ ಐಡಿಯಾ, ಈಗ ಎಕ್ಸ್‌ರೇ ಲೇಸರ್ (ಎಲೆಕ್ಟ್ರಾನ್ ಬೀಮಿನಿಂದ ಲೇಸರಿನಂಥ ಎಕ್ಸ್‌ರೇ ಹೊಮ್ಮಿಸುವ ಯಂತ್ರ) ಕಟ್ಟುವವರಲ್ಲಿ ಬಹುಪಾಲು ಎಲ್ಲರೂ ಇದನ್ನೇ ಬಳಸುತ್ತಾರೆ. ಗನ್ನಿನಿಂದ ಬಂದ ಬೀಮ್ ಎಷ್ಟು ಚೆನ್ನಾಗಿದೆ ಅಂತ ಅಳೆದು ಹೇಳುವುದು ನನ್ನ ಕೆಲಸ. ಕೇಳಲು ಸುಲಭ ಅಲ್ವಾ?

‘ಚೆನ್ನಾಗಿದೆ’ ಅಂದರೆ ಏನು ಅನ್ನುವುದೇ ಮೊದಲ ತಲೆನೋವು. ಹೊಸಬರು ಎಲ್ಲರೂ ಬೀಮ್ ಸಣ್ಣದಾಗಿದ್ದರೆ ಚೆನ್ನ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಆದರೆ ಸಣ್ಣದು ಮಾಡುವುದು ಏನೂ ಕಷ್ಟವಲ್ಲ, ಮ್ಯಾಗ್ನೆಟ್ ತಿರುಗಿಸಿ ಒತ್ತಿದರೆ ಸಣ್ಣದಾಗುತ್ತದೆ. ಜಾತ್ರೆ ಮುಗಿದ ಮೇಲೆ ಊರಿಗೆ ಹೋಗುವ ಕೊನೇ ಬಸ್ಸಿನ ಬಾಗಿಲು ನೆನಪಿಸಿಕೊಳ್ಳಿ. ಬಾಗಿಲಲ್ಲಿ ಗುಂಪಿನ ಅಗಲ ಎರಡಡಿ, ಇನ್ನೂ ಸಣ್ಣದಾಗಲು ಸಾಧ್ಯವೇ ಇಲ್ಲ, ಆದರೆ ಒಬ್ಬೊಬ್ಬರ ಮೊಣಕೈ ಒಂದೊಂದು ಕಡೆ. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಎಲೆಕ್ಟ್ರಾನ್‌ಗಳೂ ಹಾಗೇ. ಜಾಗದಲ್ಲಿ ಒತ್ತಿದಷ್ಟೂ ದಿಕ್ಕಿನಲ್ಲಿ ಚೆದುರುತ್ತವೆ. ಆದ್ದರಿಂದ ಎರಡನ್ನೂ ಸೇರಿಸಿ ನೋಡಬೇಕು: ಎಷ್ಟು ಅಗಲ, ಮತ್ತೆ ದಿಕ್ಕಿನಲ್ಲಿ ಎಷ್ಟು ಚೆದುರು. ಬೀಮ್ ಅತಿ ಕಿರಿದಾಗಿರುವ ಜಾಗದಲ್ಲಿ ಇವೆರಡರ ಗುಣಲಬ್ಧವೇ ಎಮಿಟೆನ್ಸ್. ಮಾಮೂಲಿ ಮ್ಯಾಗ್ನೆಟ್‌ಗಳಿಂದ ಇದನ್ನು ಕಮ್ಮಿ ಮಾಡಲು ಆಗುವುದಿಲ್ಲ. ಹುಟ್ಟುವಾಗ ಎಷ್ಟಿತ್ತೋ ಅಷ್ಟು, ಇಲ್ಲವೇ ದಾರಿಯಲ್ಲಿ ಹಾಳಾಗಿ ಇನ್ನೂ ಜಾಸ್ತಿ.

(ಅಳತೆಯ ಯೂನಿಟ್ ಮಿಲಿಮೀಟರ್ ಮಿಲಿರೇಡಿಯನ್, ಚಿಕ್ಕದಾಗಿ ಮೈಕ್ರಾನ್ ಅಂತಲೂ ಅಂತಾರೆ. ಕೆಲವರು ಅದರ ಹಿಂದೆ ಒಂದು ಪೈ ಹಾಕುತ್ತಾರೆ. ಆ ಪೈ ಸಂಖ್ಯೆಯೊಳಗೆ ಆಗಲೇ ಸೇರಿದೆಯೋ, ಇನ್ನು ಸೇರಿಸಬೇಕೋ, ಸುಮ್ನೆ ಅಲಂಕಾರಕ್ಕೋ ಅನ್ನುವುದು ಬರೆದವರಿಗೇ ಗೊತ್ತು. ಹಳೇ ಪೇಪರುಗಳನ್ನು ಓದುವಾಗ ಇದರಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.)

ಇನ್ನೊಂದು ಗೊಂದಲ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎಲೆಕ್ಟ್ರಾನ್ ವೇಗ ಪಡೆಯುತ್ತಾ ಹೋದಂತೆ ಮುಂದಕ್ಕೆ ಹೋಗುವ ಭರ ಹೆಚ್ಚುತ್ತದೆ, ಪಕ್ಕಕ್ಕೆ ಸರಿಯುವ ಭರ ಇದ್ದಷ್ಟೇ ಇರುತ್ತದೆ. ಹಾಗಾಗಿ ಕೋನ ತಾನಾಗಿ ಕಿರಿದಾಗುತ್ತದೆ. ಯಂತ್ರದ ಕೊನೆಯಲ್ಲಿ ಅಳೆದರೆ ಎಮಿಟೆನ್ಸ್ ಸಣ್ಣದು, ಶುರುವಿನಲ್ಲಿ ದೊಡ್ಡದು. ಇದು ನಮ್ಮ ಜಾಣತನವಲ್ಲ. ಈ ಪುಕ್ಕಟೆ ಲಾಭವನ್ನು ಲೆಕ್ಕದಿಂದ ತೆಗೆದುಹಾಕಿದರೆ ಸಿಗುವುದು ನಾರ್ಮಲೈಸ್ಡ್ ಎಮಿಟೆನ್ಸ್. ನಾವು ಕಾಫಿ ಟೇಬಲಿನಲ್ಲಿ ‘ನಿಮ್ಮದು ಎಷ್ಟು?’ ಅಂತ ಕೇಳಿಕೊಳ್ಳುವುದು ಇದನ್ನೇ. ಒಳ್ಳೆಯ ಫೋಟೋಗನ್ ಆದರೆ ಒಂದು ಮೈಕ್ರಾನಿಗಿಂತ ಕಮ್ಮಿ ಇರುತ್ತದೆ.

ಈಗ ಅಳೆಯುವುದಕ್ಕೆ ಬರೋಣ. ಬೀಮ್ ಗನ್ನಿನಿಂದ ಹೊಸದಾಗಿ ಹೊರಟಾಗ ಎಲೆಕ್ಟ್ರಾನ್‌ಗಳು ಒಂದನ್ನೊಂದು ಜೋರಾಗಿ ತಳ್ಳುತ್ತಿರುತ್ತವೆ. ಅಲ್ಲಿ ಬೀಮಿಗೆ ಅಡ್ಡ ಒಂದು ಸೀಳನ್ನೋ ತೂತುಗಳ ತಟ್ಟೆಯನ್ನೋ ಇಟ್ಟು, ಅದನ್ನು ಸಣ್ಣ ಸಣ್ಣ ಎಳೆಗಳಾಗಿ ಒಡೆದು, ಒಂದೊಂದು ಎಳೆ ಮುಂದೆ ಹೋಗಿ ಎಷ್ಟು ಅಗಲವಾಯಿತು ಅಂತ ನೋಡುತ್ತಾರೆ. ಎಳೆಯಲ್ಲಿ ಎಲೆಕ್ಟ್ರಾನ್ ಕಮ್ಮಿ ಇರುವುದರಿಂದ ತಳ್ಳಾಟವೂ ಕಮ್ಮಿ. ನಾನು ಅಳೆಯುತ್ತಿದ್ದದ್ದು ಬೀಮಿನ ಶಕ್ತಿ 100 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟಿಗೆ ಒಂದು ಎಂಇವಿ) ದಾಟಿದ ಮೇಲೆ. ಅಷ್ಟು ಹೊತ್ತಿಗೆ ತಳ್ಳಾಟ ತಣ್ಣಗಾಗಿರುತ್ತದೆ, ಕ್ವಾಡ್ ಸ್ಕ್ಯಾನ್ ಮಾಡಬಹುದು.

ಕ್ವಾಡ್ ಅಂದರೆ ಕ್ವಾಡ್ರುಪೋಲ್, ನಾಲ್ಕು ಧ್ರುವದ ಮ್ಯಾಗ್ನೆಟ್. ಬೀಮಿಗೆ ಲೆನ್ಸ್ ಇದ್ದ ಹಾಗೆ, ಆದರೆ ವಿಚಿತ್ರ ಲೆನ್ಸ್: ಅಡ್ಡಕ್ಕೆ ಒತ್ತಿದರೆ ಉದ್ದಕ್ಕೆ ಹಿಗ್ಗಿಸುತ್ತದೆ. ಅದರ ಮುಂದೆ ಒಂದೆರಡು ಮೀಟರ್ ದೂರದಲ್ಲಿ ಪೈಪಿನೊಳಗೆ ಒಂದು ಪರದೆ. ಎಲೆಕ್ಟ್ರಾನ್ ಬಿದ್ದರೆ ಪರದೆ ಹೊಳೆಯುತ್ತದೆ, ಕ್ಯಾಮೆರಾ ಫೋಟೋ ತೆಗೆಯುತ್ತದೆ. ಮ್ಯಾಗ್ನೆಟ್ಟಿನ ಕರೆಂಟನ್ನು ಒಂದೊಂದೇ ಹೆಜ್ಜೆ ಏರಿಸುತ್ತಾ ಕೂತರೆ, ಮೊದಲು ಮಲಗಿದ ಗೆರೆಯಂತಿದ್ದ ಬೀಮ್ ನಿಧಾನವಾಗಿ ಕುಗ್ಗುತ್ತಾ ಕುಗ್ಗುತ್ತಾ ನಿಂತ ಗೆರೆಯಾಗುತ್ತದೆ, ಆಮೇಲೆ ಮತ್ತೆ ಅಗಲವಾಗಲು ಶುರುಮಾಡುತ್ತದೆ. ಮೊದಲ ಸಲ ನೋಡುವಾಗ ಸಿಕ್ಕಾಪಟ್ಟೆ ಖುಷಿಯಾಗುತ್ತದೆ. ನೂರನೇ ಸಲಕ್ಕೆ ನಿದ್ದೆ ಬರುತ್ತದೆ.

ಪ್ರತಿ ಹೆಜ್ಜೆಗೂ ಅಗಲ ಅಳೆದು, ಅದರ ವರ್ಗವನ್ನು ಮ್ಯಾಗ್ನೆಟ್ಟಿನ ಬಲದ ಎದುರು ಗ್ರಾಫ್ ಹಾಕಿದರೆ ಬಟ್ಟಲಿನ ಆಕಾರ ಬರುತ್ತದೆ. ಪ್ಯಾರಾಬೋಲಾ. ನಮಗೆ ಗೊತ್ತಿಲ್ಲದ್ದು ಮೂರೇ: ಮ್ಯಾಗ್ನೆಟ್ಟಿನ ಬಾಗಿಲಲ್ಲಿ ಬೀಮಿನ ಅಗಲ, ಅದರ ಕೋನದ ಚೆದುರು, ಇವೆರಡರ ನಡುವಿನ ನಂಟು. ಆದ್ದರಿಂದ ಮೂರು ಬಿಂದು ಸಾಕು. ಆದರೆ ಮೂರನ್ನು ನಂಬಿ ಯಾರೂ ಕೂರುವುದಿಲ್ಲ, ಹದಿನೈದು ಇಪ್ಪತ್ತು ತೆಗೆಯುತ್ತಾರೆ. ಆಮೇಲೆ ಬಟ್ಟಲಿನ ಗೋಡೆ ಎಷ್ಟು ಕಡಿದು ಅನ್ನುವುದನ್ನು ಬಟ್ಟಲಿನ ತಳ ಸೊನ್ನೆಯಿಂದ ಎಷ್ಟು ಮೇಲಿದೆ ಅನ್ನುವುದರಿಂದ ಗುಣಿಸಿ ವರ್ಗಮೂಲ ತೆಗೆದು, ದೂರದ ಲೆಕ್ಕ ಸೇರಿಸಿದರೆ ಎಮಿಟೆನ್ಸ್ ಕೈಗೆ ಬರುತ್ತದೆ.

ಒಳ್ಳೆಯ ಬೀಮ್ ಆದಷ್ಟೂ ಬಟ್ಟಲಿನ ತಳ ಸೊನ್ನೆಯ ಹತ್ತಿರ ಹತ್ತಿರ ಬರುತ್ತದೆ. ಗೋಡೆಗಳು ಎತ್ತರ, ತಳ ನೆಲಕ್ಕೆ ತಾಗಿಕೊಂಡೇ. ಗೋಡೆಯ ಮೇಲಿನ ಬಿಂದುಗಳಲ್ಲಿ ಒಂಚೂರು ತಪ್ಪಾದರೂ ಫಿಟ್ ಮಾಡುವಾಗ ತಳ ನೆಲದೊಳಗೆ ಇಳಿದುಬಿಡುತ್ತದೆ. ಅಗಲದ ವರ್ಗ ಮೈನಸ್. ನನಗೆ ಆಗಿದ್ದು ಅದೇ.

ತಪ್ಪು ಎಲ್ಲಿತ್ತು ಅಂತ ಹುಡುಕಲು ಎರಡು ದಿನ ಹಿಡಿಯಿತು. ಗನ್ನಿನೊಳಗೆ ಮೈಕ್ರೋವೇವಿನ ಕ್ಷೇತ್ರ ಎಷ್ಟು ಜೋರಾಗಿರುತ್ತದೆ ಅಂದರೆ, ಲೇಸರ್ ಇಲ್ಲದೆಯೂ ಲೋಹದಿಂದ ಎಲೆಕ್ಟ್ರಾನ್‌ಗಳು ಕಿತ್ತುಕೊಂಡು ಬರುತ್ತವೆ. ಡಾರ್ಕ್ ಕರೆಂಟ್ ಅಂತಾರೆ. ಕರೆಯದೆ ಬಂದ ನೆಂಟರು. ಇವರೂ ಪರದೆ ಮೇಲೆ ಬಿದ್ದು ಮಸುಕಾಗಿ ಹೊಳೆಯುತ್ತಾರೆ. ಅದಕ್ಕೇ ಲೇಸರಿನ ಶಟರ್ ಮುಚ್ಚಿ ಒಂದು ಫೋಟೋ ತೆಗೆದಿಟ್ಟುಕೊಂಡು, ನಿಜವಾದ ಫೋಟೋದಿಂದ ಅದನ್ನು ಕಳೆಯಬೇಕು. ನಾನು ಆ ಫೋಟೋ ತೆಗೆದಿದ್ದು ಬೆಳಿಗ್ಗೆ. ಮಧ್ಯಾಹ್ನ ಗನ್ನಿನ ಪವರ್ ಏರಿಸಿದ್ದರು. ಪವರ್ ಸ್ವಲ್ಪ ಏರಿದರೂ ಡಾರ್ಕ್ ಕರೆಂಟ್ ದಬದಬ ಏರುತ್ತದೆ. ನಾನು ರಾತ್ರಿಯ ನೆಂಟರನ್ನು ಬೆಳಗಿನ ಲೆಕ್ಕದಲ್ಲಿ ಕಳೆಯುತ್ತಿದ್ದೆ.

ಅಷ್ಟೇ ಆಗಿದ್ದರೆ ಉತ್ತರ ಸುಮ್ನೆ ಸ್ವಲ್ಪ ದೊಡ್ಡದು ಬರುತ್ತಿತ್ತು, ಮೈನಸ್ ಬರುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನದೇ ಒಂದು ಜಾಣತನ. ಫೋಟೋದಲ್ಲಿ ಬೀಮ್ ಎಲ್ಲಿದೆಯೋ ಅದರ ಸುತ್ತ ಒಂದು ಚೌಕ ಹಾಕಿ ಅದರೊಳಗಿನ ಬೆಳಕನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಪ್ರೋಗ್ರಾಮ್ ಬರೆದಿದ್ದೆ, ಆ ಚೌಕ ಬೀಮಿನ ಅಗಲಕ್ಕೆ ತಕ್ಕಂತೆ ತಾನೇ ದೊಡ್ಡದಾಗುವ ಹಾಗೆ. ಬೀಮ್ ಸಣ್ಣದಿದ್ದಾಗ ಚೌಕ ಸಣ್ಣದು, ಉಳಿದ ಮಸುಕು ಬೆಳಕು ಒಳಗೆ ಬರುತ್ತಲೇ ಇರಲಿಲ್ಲ. ಬೀಮ್ ಅಗಲವಾದಾಗ ಚೌಕ ಅಗಲ, ಮಸುಕು ಬೆಳಕು ರಾಶಿ ರಾಶಿ ಒಳಗೆ. ಅಂದರೆ ಬಟ್ಟಲಿನ ತಳ ಸರಿ ಇತ್ತು, ಗೋಡೆ ಮಾತ್ರ ಇರಬೇಕಾದ್ದಕ್ಕಿಂತ ಕಡಿದಾಗಿತ್ತು. ಕಡಿದು ಗೋಡೆಗೆ ಪ್ಯಾರಾಬೋಲಾ ಹೊಂದಿಸಲು ಹೋಗಿ ಪ್ರೋಗ್ರಾಮ್ ತಳವನ್ನು ಭೂಮಿಯೊಳಗೆ ಎಳೆದುಕೊಂಡು ಹೋಗಿತ್ತು.

ಸರಿ, ಹೊಸ ಫೋಟೋ ತೆಗೆದೆ. ಚೌಕವನ್ನು ಒಂದೇ ಅಳತೆಗೆ ನಿಲ್ಲಿಸಿದೆ. ಸಿಟ್ಟಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದೆ: ಒಂದು ಮಟ್ಟಕ್ಕಿಂತ ಮಸುಕಾಗಿರುವ ಪಿಕ್ಸೆಲ್‌ಗಳೆಲ್ಲ ಸೊನ್ನೆ ಅಂತ ಕತ್ತರಿ ಹಾಕಿದೆ. ಬಟ್ಟಲು ಎಷ್ಟು ಚೆಂದ ಬಂತು ಅಂದರೆ ಗ್ರಾಫನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಎಮಿಟೆನ್ಸ್ 0.6 ಮೈಕ್ರಾನ್! ಬೆಳಿಗ್ಗೆ ಗೈಡ್ ಹತ್ತಿರ ಹೋಗಿ ತೋರಿಸಿದೆ. ಅವರು ಸಂಖ್ಯೆ ನೋಡಲೇ ಇಲ್ಲ. ಮೂಲ ಫೋಟೋ ತೆರೆದು, ಬಣ್ಣದ ಸ್ಕೇಲನ್ನು ಬದಲಿಸಿ, ಬೀಮಿನ ಪಕ್ಕದಲ್ಲಿ ಧೂಮಕೇತುವಿನ ಹಾಗೆ ಚಾಚಿಕೊಂಡಿದ್ದ ತೆಳ್ಳಗಿನ ಮಸುಕಿನ ಮೇಲೆ ಬೆರಳಿಟ್ಟರು.

“ಇದು ಡಾರ್ಕ್ ಕರೆಂಟಾ?”

“ಅಲ್ಲ, ಶಟರ್ ಮುಚ್ಚಿದರೆ ಹೋಗುತ್ತೆ.”

“ಹಾಗಾದರೆ ನಿನ್ನ ಬೀಮೇ. ನಿನ್ನ ಗ್ರಾಫಿನಲ್ಲಿ ಈ ಬಾಲ ಎಲ್ಲಿ ಹೋಯ್ತು?”

ಬಾಲವನ್ನು ನಾನೇ ಕತ್ತರಿಸಿದ್ದೆ. ಈ ಕೆಲಸದ ಅಸಲಿ ಜಗಳ ಇರುವುದೇ ಇಲ್ಲಿ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಾವು ಅಗಲ ಲೆಕ್ಕ ಹಾಕುವಾಗ ದೂರದ ವರ್ಗ ತೆಗೆದುಕೊಳ್ಳುತ್ತೇವೆ. ಹತ್ತು ಪಟ್ಟು ದೂರದಲ್ಲಿರುವ ಒಂದು ಎಲೆಕ್ಟ್ರಾನ್ ನೂರು ಎಲೆಕ್ಟ್ರಾನಿನಷ್ಟು ತೂಗುತ್ತದೆ. ಬಾಲದಲ್ಲಿ ಇರುವುದು ನಾಲ್ಕು ಜನ, ಗಲಾಟೆ ಮಾತ್ರ ಇಡೀ ಊರಿನಷ್ಟು. ಕೊನೆಯ 5 ಶೇಕಡಾ ಎಲೆಕ್ಟ್ರಾನ್‌ಗಳನ್ನು ಬಿಟ್ಟು 95 ಶೇಕಡಾದ ಎಮಿಟೆನ್ಸ್ ಹೇಳಿದರೆ ಸಂಖ್ಯೆ ಇದ್ದಕ್ಕಿದ್ದ ಹಾಗೆ ಸುಂದರವಾಗುತ್ತದೆ. ಇದು ಮೋಸವಲ್ಲ, ‘95 ಶೇಕಡಾ’ ಅಂತ ಪಕ್ಕದಲ್ಲಿ ಬರೆದಿದ್ದರೆ. ಎಷ್ಟೋ ಸಲ ಬೇಕಾಗಿರುವುದೂ ಅದೇ, ಯಾಕೆಂದರೆ ಲೇಸರಿನಂತೆ ಎಕ್ಸ್‌ರೇ ಹೊಮ್ಮಿಸುವುದು ಬಂಚಿನ (ಒಂದು ಶಾಟಿನಲ್ಲಿ ಒಟ್ಟಿಗೆ ಹೊರಡುವ ಎಲೆಕ್ಟ್ರಾನ್‌ಗಳ ಗುಂಪು) ನಡುವಿನ ಭಾಗ, ಬಾಲ ಸುಮ್ನೆ ಜೊತೆಗೆ ಬರುತ್ತದೆ. ಆದರೆ ನನ್ನಂತೆ ಕತ್ತರಿ ಹಾಕಿ, ಎಷ್ಟು ಕತ್ತರಿಸಿದೆ ಅಂತಲೂ ತಿಳಿಯದೆ, ‘ಇದು ನಮ್ಮ ಎಮಿಟೆನ್ಸ್’ ಅಂದರೆ ಅದು ತಕ್ಕಡಿ ಕೆಳಗೆ ಹುಣಸೆಹಣ್ಣು ಮೆತ್ತಿದ ಹಾಗೆ. ಬೇರೆ ಬೇರೆ ಲ್ಯಾಬಿನವರು ಬರೆದ ಸಂಖ್ಯೆಗಳನ್ನು ಒಂದರ ಪಕ್ಕ ಒಂದು ಇಟ್ಟು ಯಾರದು ಗೆದ್ದಿತು ಅಂತ ಹೇಳುವ ಪಟ್ಟಿಗಳನ್ನು ಅವತ್ತಿನಿಂದ ನಾನು ನಂಬುವುದು ಬಿಟ್ಟೆ.

ಪರದೆಯೂ ಸುಳ್ಳು ಹೇಳುತ್ತದೆ, ಅದು ಇನ್ನೊಂದು ಕಥೆ. ಯಾಗ್ ಅನ್ನುವ ಹರಳಿನ ಪರದೆ ಚೆನ್ನಾಗಿ ಹೊಳೆಯುತ್ತದೆ, ಆದರೆ ಒಂದೇ ಜಾಗಕ್ಕೆ ಜಾಸ್ತಿ ಎಲೆಕ್ಟ್ರಾನ್ ಬಿದ್ದರೆ ಅದಕ್ಕೆ ಸಾಕಾಗಿಬಿಡುತ್ತದೆ. ನಡುವೆ ಹೊಳಪು ಏರುವುದೇ ಇಲ್ಲ, ಬೀಮ್ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಅದಕ್ಕೆ ಬದಲಾಗಿ ಓಟಿಆರ್ ಇದೆ: ತೆಳ್ಳಗಿನ ಲೋಹದ ಹಾಳೆಯನ್ನು ಎಲೆಕ್ಟ್ರಾನ್ ದಾಟುವಾಗ ಹೊಮ್ಮುವ ಬೆಳಕು. ಹೀಗೊಂದು ಬೆಳಕು ಬರಬೇಕು ಅಂತ ಗಿಂಜ್‌ಬರ್ಗ್ ಮತ್ತು ಫ್ರಾಂಕ್ ಅನ್ನುವ ಇಬ್ಬರು ಸೋವಿಯತ್ ವಿಜ್ಞಾನಿಗಳು 1940ರ ದಶಕದಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದ್ದರು. ಎಷ್ಟು ಎಲೆಕ್ಟ್ರಾನೋ ಅಷ್ಟೇ ಬೆಳಕು, ಪಕ್ಕಾ ಪ್ರಾಮಾಣಿಕ. ಬೆಳಕು ಕಮ್ಮಿ, ಅಷ್ಟೇ ಕೊರತೆ.

ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಲ್ಯಾಬಿನಲ್ಲಿ ಎಲ್‌ಸಿಎಲ್‌ಎಸ್ ಎಕ್ಸ್‌ರೇ ಲೇಸರ್ ಕಟ್ಟುವಾಗ ಇದೇ ಓಟಿಆರ್ ಪರದೆಗಳನ್ನು ನಂಬಿ ದಾರಿಯುದ್ದಕ್ಕೂ ಹಾಕಿದ್ದರು. ಅಲ್ಲಿ ಏನಾಯಿತು ಗೊತ್ತಾ? ಬೀಮಿನ ಗುಣಮಟ್ಟ ಅತಿಯಾಗಿ ಚೆನ್ನಾಗಿತ್ತು. ಬಂಚಿನೊಳಗೆ ಎಲೆಕ್ಟ್ರಾನ್‌ಗಳು ಬೆಳಕಿನ ತರಂಗದಷ್ಟು ಸಣ್ಣ ಸಣ್ಣ ಪದರಗಳಾಗಿ ಗುಂಪುಗೂಡಿದವು. ಪದರದಲ್ಲಿರುವವೆಲ್ಲ ಒಟ್ಟಿಗೆ, ಭಜನೆಯಲ್ಲಿ ತಾಳ ಕೂಡಿದ ಹಾಗೆ, ಬೆಳಕು ಬಿಡಲು ಶುರುಮಾಡಿದವು. ತಾಳ ಇಲ್ಲದಿದ್ದಾಗ ಬೆಳಕು ಎಲೆಕ್ಟ್ರಾನಿನ ಸಂಖ್ಯೆಯಷ್ಟೇ ಏರುತ್ತದೆ, ತಾಳ ಕೂಡಿದರೆ ಸಂಖ್ಯೆಯ ವರ್ಗದಷ್ಟು. 250 ಪಿಕೋಕೂಲಂಬಿನ ಒಂದು ಬಂಚಿನಲ್ಲಿ ಸುಮಾರು 156 ಕೋಟಿ ಎಲೆಕ್ಟ್ರಾನ್ ಇರುತ್ತವೆ, ಅದರಲ್ಲಿ ಚೂರುಪಾರು ಭಾಗ ತಾಳಕ್ಕೆ ಬಂದರೂ ಸಾಕು. ಕ್ಯಾಮೆರಾದಲ್ಲಿ ಕಂಡಿದ್ದು ಬೀಮಿನ ಆಕಾರವಲ್ಲ, ಶಾಟಿನಿಂದ ಶಾಟಿಗೆ ಬದಲಾಗುವ ಕಣ್ಣು ಕುಕ್ಕುವ ಹೊಳಪು. ಬಂಚನ್ನು ಹಿಸುಕಿ ಗಿಡ್ಡ ಮಾಡುವ ಜಾಗದಿಂದ ಮುಂದಿನ ಪರದೆಗಳು ಅಳತೆಯ ಕೆಲಸಕ್ಕೆ ಬಾರದಂತಾದವು. ಕೊನೆಗೆ ಅವರು ಹಳೇ ದಾರಿಗೆ ಬಂದರು: ಕೂದಲಿಗಿಂತ ತೆಳ್ಳಗಿನ ತಂತಿಯೊಂದನ್ನು ಬೀಮಿಗೆ ಅಡ್ಡ ಎಳೆಯುವುದು, ತಂತಿಗೆ ಬಡಿದು ಎಷ್ಟು ಕಣಗಳು ಚಿಮ್ಮುತ್ತವೆ ಅಂತ ಎಣಿಸುವುದು. ಚಿತ್ರ ಬರುವುದಿಲ್ಲ, ಒಂದು ಸಲಕ್ಕೆ ಒಂದೇ ದಿಕ್ಕು, ಮೇಲಾಗಿ ಬೀಮ್ ಶಾಟಿನಿಂದ ಶಾಟಿಗೆ ಅಲುಗಿದರೆ ಅದೂ ಅಗಲಕ್ಕೆ ಸೇರಿಕೊಳ್ಳುತ್ತದೆ. ಆದರೂ ತಂತಿ ತಾಳಕ್ಕೆ ಕುಣಿಯುವುದಿಲ್ಲ. 2009ರ ಏಪ್ರಿಲ್‌ನಲ್ಲಿ ಆ ಯಂತ್ರ 1.5 ಆಂಗ್‌ಸ್ಟ್ರಾಮ್ (0.15 ನ್ಯಾನೋಮೀಟರ್) ತರಂಗದ ಎಕ್ಸ್‌ರೇ ಲೇಸರ್ ಹೊಮ್ಮಿಸಿತು. ಅಷ್ಟು ಹೊಸ ಯಂತ್ರದ ಅಳತೆಗೋಲು ಒಂದು ತಂತಿ ಅಂದರೆ ನನಗೆ ಈಗಲೂ ನಗು ಬರುತ್ತದೆ.

ಇದನ್ನೆಲ್ಲ ಇಂದೋರಿನಲ್ಲಿರುವ ನಮ್ಮ ಕಡೆಯ ಸೀನಿಯರ್ ಒಬ್ಬರ ಹತ್ತಿರ ಫೋನಿನಲ್ಲಿ ಗೋಳು ಹೇಳಿಕೊಂಡೆ. ಅಲ್ಲಿ ರಾಜಾ ರಾಮಣ್ಣ ಕೇಂದ್ರದಲ್ಲಿ ಇಂಡಸ್-2 ಅನ್ನುವ, ಎಲೆಕ್ಟ್ರಾನ್‌ಗಳು ಸುತ್ತುತ್ತಲೇ ಇರುವ ರಿಂಗ್ ಇದೆ. ರಾಮಣ್ಣ ಅಂದರೆ ನಮ್ಮ ತುಮಕೂರಿನವರೇ. ರಿಂಗಿನ ಬೀಮಿನ ಶಕ್ತಿ 2.5 ಜಿಇವಿ (ಸಾವಿರ ಎಂಇವಿಗೆ ಒಂದು ಜಿಇವಿ), ಸುತ್ತಳತೆ 172 ಮೀಟರ್ ಚಿಲ್ಲರೆ. ಎಲೆಕ್ಟ್ರಾನ್ ಸೆಕೆಂಡಿಗೆ ಹದಿನೇಳು ಲಕ್ಷ ಸುತ್ತು ಹಾಕುತ್ತದೆ.

“ಏನಪ್ಪಾ, ಪರದೆ ಸುಳ್ಳು ಹೇಳುತ್ತೆ ಅಂತ ಅಳ್ತೀಯಲ್ಲ, ನಿನಗೆ ಪರದೆನಾದ್ರೂ ಇದೆ,” ಅಂದರು. “ಸುತ್ತುತ್ತಾ ಇರೋ ಬೀಮಿಗೆ ಪರದೆ ಅಡ್ಡ ಹಿಡಿದ್ರೆ ಅಲ್ಲಿಗೆ ಬೀಮ್ ಖತಂ. ಮತ್ತೆ ಮೊದಲಿಂದ ತುಂಬಿಸ್ಬೇಕು.”

“ಮತ್ತೆ ಹೇಗೆ ಸರ್ ನೋಡೋದು?”

“ಅದೇ ಬೆಳಕು ಬಿಡುತ್ತಲ್ಲಪ್ಪಾ, ಅದನ್ನ ನೋಡೋದು.”

ನಿಜ. ತಿರುವಿನಲ್ಲಿ ಎಲೆಕ್ಟ್ರಾನ್ ತಾನಾಗಿಯೇ ಬೆಳಕು ಚೆಲ್ಲುತ್ತದೆ, ಸಿಂಕ್ರೊಟ್ರಾನ್ ಬೆಳಕು. ಆ ಬೆಳಕಿಗೋಸ್ಕರವೇ ರಿಂಗ್ ಕಟ್ಟಿರುವುದು, ಅಳತೆಗೂ ಅದೇ ಆಯಿತು. ಆದರೆ ಬರಿಗಣ್ಣಿಗೆ ಕಾಣುವ ಬೆಳಕಿನಲ್ಲಿ ನೇರವಾಗಿ ಫೋಟೋ ತೆಗೆದರೆ ಹತ್ತಿಪ್ಪತ್ತು ಮೈಕ್ರಾನಿನ ಬೀಮ್ ಮಬ್ಬಾಗಿ ದಪ್ಪ ಕಾಣುತ್ತದೆ, ಬೆಳಕಿನ ತರಂಗದ ಗುಣವೇ ಅದು. ಎಕ್ಸ್‌ರೇಗೆ ಸೂಜಿತೂತಿನ ಕ್ಯಾಮೆರಾ ಇಡುವುದು ಒಂದು ಉಪಾಯ. ಇನ್ನೊಂದು ಉಪಾಯ ಜಪಾನಿನ ಕೆಇಕೆ ಲ್ಯಾಬಿನ ಮಿತ್ಸುಹಾಶಿ 1990ರ ದಶಕದಲ್ಲಿ ಮಾಡಿದ್ದು: ಬೆಳಕನ್ನು ಎರಡು ಸೀಳುಗಳ ಮೂಲಕ ಬಿಟ್ಟು, ಹಿಂದೆ ಬೀಳುವ ಕಪ್ಪುಬಿಳಿ ಪಟ್ಟಿಗಳು ಎಷ್ಟು ಸ್ಪಷ್ಟ ಅಂತ ನೋಡುವುದು. ಮೂಲ ಚುಕ್ಕಿಯಂತಿದ್ದರೆ ಪಟ್ಟಿ ಗೀರಿದ ಹಾಗೆ ಸ್ಪಷ್ಟ, ಮೂಲ ಅಗಲವಾದಂತೆ ಪಟ್ಟಿ ಅಳಿಸಿಕೊಳ್ಳುತ್ತಾ ಹೋಗುತ್ತದೆ. ಎಷ್ಟು ಅಳಿಸಿತು ಅನ್ನುವುದರಿಂದ ಅಗಲ ಹೇಳಬಹುದು.

ಈ ಉಪಾಯ ಆಕಾಶದಿಂದ ಕಡ ತಂದದ್ದು. 1920ರ ಡಿಸೆಂಬರಿನಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಮೈಕೆಲ್ಸನ್ ಮತ್ತು ಪೀಸ್ ಇದೇ ರೀತಿ ಬೀಟಲ್‌ಜ್ಯೂಸ್ ನಕ್ಷತ್ರದ ಅಗಲ ಅಳೆದರು. ಬೀಟಲ್‌ಜ್ಯೂಸ್ ಅಂದರೆ ನಮ್ಮ ಆರಿದ್ರಾ ನಕ್ಷತ್ರ. ‘ಆದ್ರೆ ಆರಿದ್ರ, ಇಲ್ಲಾಂದ್ರೆ ದರಿದ್ರ’ ಅಂತ ನಮ್ಮಜ್ಜಿ ಜೂನ್ ಕೊನೆಯಲ್ಲಿ ಮೋಡ ನೋಡುತ್ತಾ ಹೇಳುತ್ತಿದ್ದ ಅದೇ ಆರಿದ್ರ. ಅಷ್ಟು ದೂರದ ನಕ್ಷತ್ರವೂ, ಪೈಪಿನೊಳಗಿನ ಕೂದಲಿಗಿಂತ ತೆಳ್ಳಗಿನ ಬೀಮೂ ಒಂದೇ ಲೆಕ್ಕಕ್ಕೆ ಸಿಗುತ್ತವೆ. ಇದನ್ನು ಸರ್ ಫೋನಿನಲ್ಲಿ ಹೇಳಿದಾಗ ನಾನು ಒಂದು ನಿಮಿಷ ಮಾತಾಡಲಿಲ್ಲ, ಲೈನ್ ಕಟ್ಟಾಯಿತು ಅಂದುಕೊಂಡು ಅವರೇ ಹಲೋ ಹಲೋ ಅಂದರು.

ಕೆಇಕೆಯಲ್ಲೇ ಇನ್ನೂ ಮುಂದೆ ಹೋಗಿದ್ದಾರೆ. ಶಿಂತಾಕೆ ಅನ್ನುವವರ ಉಪಾಯದಲ್ಲಿ ಎರಡು ಲೇಸರ್ ಕಿರಣಗಳು ಸೇರಿ ಬೆಳಕಿನದೇ ಬಾಚಣಿಗೆ ಮಾಡುತ್ತವೆ, ಬೀಮ್ ಆ ಬಾಚಣಿಗೆಯ ಹಲ್ಲುಗಳ ಮೇಲೆ ಹಾಯುತ್ತದೆ. ಅಲ್ಲಿ ಅಳೆದ ಬೀಮಿನ ಎತ್ತರ ಸುಮಾರು 41 ನ್ಯಾನೋಮೀಟರ್. ನನ್ನ ಯಾಗ್ ಪರದೆ ನೋಡಿದರೆ ಅವರಿಗೆ ಪಾಪ ಅನ್ನಿಸಬಹುದು.

ಮತ್ತೆ ನನ್ನ ಬಾಲದ ಕಥೆಗೆ. ಆ ವಾರ ಕತ್ತರಿ ತೆಗೆದು, ಪ್ರತಿ ಹೆಜ್ಜೆಗೂ ಶಟರ್ ಮುಚ್ಚಿ ಹೊಸ ಹಿನ್ನೆಲೆ ಫೋಟೋ ತೆಗೆದು, ಬೀಮ್ ಎಷ್ಟೇ ಅಗಲವಾದರೂ ಬಾಲ ಹೊರಗುಳಿಯದಷ್ಟು ದೊಡ್ಡ ಚೌಕ ಇಟ್ಟು ಇಡೀ ಸ್ಕ್ಯಾನನ್ನು ನಾಲ್ಕು ಸಲ ಮಾಡಿದೆ. ನಾಲ್ಕೂ ಸಲ 0.9ರ ಆಸುಪಾಸು. ಬಾಲ ಯಾಕೆ ಬಂತು ಅಂತ ಆಮೇಲೆ ಗೊತ್ತಾಯಿತು: ಲೇಸರ್ ಬಿಲ್ಲೆಯ ನಡುಮಧ್ಯಕ್ಕೆ ಬೀಳುತ್ತಿರಲಿಲ್ಲ, ಒಂಚೂರು ಪಕ್ಕಕ್ಕೆ ಸರಿದಿತ್ತು. ಆ ಕನ್ನಡಿ ಸರಿಮಾಡಿದ ಮೇಲೆ ಬಾಲ ಅರ್ಧಕ್ಕರ್ಧ ಕುಗ್ಗಿತು. ಕತ್ತರಿ ಹಾಕಿದ 0.6ನ್ನೇ ನಂಬಿ ಕೂತಿದ್ದರೆ ಆ ಕನ್ನಡಿಯನ್ನು ಯಾರೂ ಮುಟ್ಟುತ್ತಲೇ ಇರಲಿಲ್ಲ.

ಅವತ್ತಿನ ಲಾಗ್‌ಬುಕ್ಕಿನಲ್ಲಿ ನನ್ನ ಎಂಟ್ರಿ ಇನ್ನೂ ಇದೆ. ‘0.9, ಪೂರ್ತಿ 100 ಶೇಕಡಾ, ಬಾಲ ಸಮೇತ.’ ಕೆಳಗೆ ಶಿಫ್ಟಿನ ಆಪರೇಟರ್ ಪೆನ್ನಿನಲ್ಲಿ ಒಂದು ಸಣ್ಣ ಧೂಮಕೇತುವಿನ ಚಿತ್ರ ಬರೆದಿಟ್ಟಿದ್ದಾನೆ.